ಅಷ್ಟು ಜನಕ್ಕೆ ಹಿಟ್ಟು ಯಾರು ಬೇಯಿಸ್ತಿದ್ರು?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಈಜಿಪ್ಟಿನ ಮರಳು, ಹಿನ್ನೆಲೆಯಲ್ಲಿ ಎದೆ ನಡುಗಿಸುವ ಮ್ಯೂಸಿಕ್ಕು, ಗಡಸು ದನಿಯ ಒಬ್ಬಾತನ ಪ್ರಶ್ನೆ: ಸರಾಸರಿ ಎರಡೂವರೆ ಟನ್ ತೂಗುವ ಲಕ್ಷಾಂತರ ಕಲ್ಲುಗಳನ್ನು ಕ್ರೇನೂ ಇಲ್ಲದ, ಕಬ್ಬಿಣದ ಹತಾರವೂ ಇಲ್ಲದ ಕಾಲದಲ್ಲಿ ಮನುಷ್ಯರು ಮೇಲಕ್ಕೇರಿಸಿದ್ದು ಹೇಗೆ? ಏರಿಸಿದ್ದು ಮನುಷ್ಯರೇನಾ? ವಿಡಿಯೋ ಮುಗಿದ ಮೇಲೆ ಹುಡುಗ ನನ್ನ ಕಡೆ ತಿರುಗಿ, "ನಿಜ ಹೇಳು ಗುರೂ, ನೀನೂ ಬಿಇ ಓದಿದೀಯ. ಇದನ್ನ ಮನುಷ್ಯರೇ ಕಟ್ಟಿದ್ದು ಅಂತ ನಂಬ್ತೀಯಾ?" ಅಂದ.

ಮೇಜಿನ ಸುತ್ತ ಕೂತಿದ್ದವರೆಲ್ಲ ಇಂಜಿನಿಯರುಗಳೇ. ಇಬ್ಬರು "ಚಾನ್ಸೇ ಇಲ್ಲ, ಏಲಿಯನ್ಸೇ" ಅಂದರು. ಒಬ್ಬಳು "ಆಗ ಯಾವುದೋ ಟೆಕ್ನಾಲಜಿ ಇತ್ತು, ಆಮೇಲೆ ಕಳೆದುಹೋಯ್ತು" ಅಂದಳು. ಇನ್ನೊಬ್ಬ, ನಮ್ಮ ಋಷಿಗಳೇ ಹೋಗಿ ಕಟ್ಟಿಕೊಟ್ಟು ಬಂದಿರಬೇಕು ಅಂತ ಹೊಸ ಥಿಯರಿ ಬಿಟ್ಟ. ಈಜಿಪ್ಟಿನ ಜನರೇ ಕಟ್ಟಿರಬಹುದು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಬಾಯಿತುಂಬ ಬಿಸಿಬೇಳೆಬಾತ್ ಇತ್ತು, ಎರಡು ಗಂಟೆಗೆ ಮೀಟಿಂಗ್ ಬೇರೆ. ಆವತ್ತು ಕೊಡದ ಉತ್ತರವನ್ನು ಈಗ ಇಲ್ಲಿ ಕೊಡುತ್ತಿದ್ದೇನೆ. ಸ್ವಲ್ಪ ಖಾರ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಉತ್ತರಕ್ಕೆ ಮುಂಚೆ ಇನ್ನೊಂದು ಪ್ರಶ್ನೆಯ ಕತೆ ಹೇಳಬೇಕು. ಸಂಕ್ರಾಂತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಪಿರಮಿಡ್ಡಿನ ಬಗ್ಗೆ ಒಂದು ಡಾಕ್ಯುಮೆಂಟರಿ ನೋಡುತ್ತಾ ಜಗಲಿ ಮೇಲೆ ಕೂತಿದ್ದೆ. ಪಕ್ಕದಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎರಡನೇ ಕ್ಲಾಸಿನವರೆಗೆ ಓದಿದವಳು. ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಇದ್ಯಾರ ಮನೆ ಕಣ್ಲಾ?" ಅಂದಳು.

"ಮನೆ ಅಲ್ಲ ಕಣವ್ವ, ಸಮಾಧಿ. ಒಬ್ಬ ರಾಜಂದು."

"ಒಬ್ಬಂಗೆ ಇಷ್ಟು ದೊಡ್ಡದಾ? ಎಷ್ಟು ವರ್ಷ ಕಟ್ಟಿದ್ರು?"

"ಇಪ್ಪತ್ತು ವರ್ಷ ಅಂತಾರೆ. ಸಾವಿರಾರು ಜನ ಸೇರ್ಕಂಡು."

ಅವ್ವ ಸುಲಿಯುವುದನ್ನು ನಿಲ್ಲಿಸಿದಳು. "ಅಷ್ಟು ಜನಕ್ಕೆ ಹಿಟ್ಟು ಯಾರ್ಲಾ ಬೇಯಿಸ್ತಿದ್ರು?"

ನಾನು ನಕ್ಕುಬಿಟ್ಟೆ. ಪ್ರಪಂಚದ ಅದ್ಭುತವನ್ನು ತೋರಿಸಿದರೆ ಇವಳಿಗೆ ಮುದ್ದೆಯ ಚಿಂತೆ ಅಂತ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. ಯಾಕೆಂದರೆ ಕಳೆದ ಮೂವತ್ತು ವರ್ಷಗಳಲ್ಲಿ ಪಿರಮಿಡ್ಡಿನ ಬಗ್ಗೆ ಜಗತ್ತಿಗೆ ಸಿಕ್ಕ ಒಳ್ಳೊಳ್ಳೆಯ ಉತ್ತರಗಳೆಲ್ಲ ನಮ್ಮವ್ವನ ಪ್ರಶ್ನೆಯನ್ನು ಕೇಳಿದವರಿಗೇ ಸಿಕ್ಕಿದ್ದು. ಕ್ಯಾಂಟೀನಿನ ಪ್ರಶ್ನೆ ಕೇಳಿದವರಿಗೆ ಏನೂ ಸಿಗಲಿಲ್ಲ, ವಿಡಿಯೋಗೆ ವ್ಯೂಸ್ ಸಿಕ್ಕಿದ್ದು ಬಿಟ್ಟರೆ.

ಮಾರ್ಕ್ ಲೆಹ್ನರ್ ಎಂಬ ಅಮೆರಿಕದ ಪುರಾತತ್ವಜ್ಞ ಎಲ್ಲರೂ ಪಿರಮಿಡ್ಡಿನ ತುದಿ ನೋಡುತ್ತಿದ್ದಾಗ ಅದರ ಬುಡದ ಆಚೆಯ ಮರಳು ನೋಡಿದ. ಇಷ್ಟೊಂದು ಜನ ವರ್ಷಗಟ್ಟಲೆ ಕೆಲಸ ಮಾಡಿದ್ದರೆ ಅವರು ಎಲ್ಲೋ ಮಲಗಿರಬೇಕು, ಎಲ್ಲೋ ಉಂಡಿರಬೇಕು ಎಂಬುದು ಅವನ ಲೆಕ್ಕ. ಗೀಜಾದ ದಕ್ಷಿಣಕ್ಕೆ ಅಗೆದಾಗ ಒಂದು ಊರೇ ಸಿಕ್ಕಿತು. ಬೀದಿಗಳು, ಉದ್ದುದ್ದ ಸಾಲುಮನೆಗಳು, ಧಾನ್ಯದ ಕಣಜಗಳು, ರೊಟ್ಟಿ ಸುಡುವ ಮನೆಗಳು. 1991ರಲ್ಲಿ ಸಿಕ್ಕ ಆ ರೊಟ್ಟಿಮನೆಗಳಲ್ಲಿ ಗಂಟೆಯಾಕಾರದ ದಪ್ಪ ಮಣ್ಣಿನ ಅಚ್ಚುಗಳು ರಾಶಿ ರಾಶಿ. ಅವುಗಳಲ್ಲಿ ಹಿಟ್ಟು ಹುಯ್ದು, ಕೆಂಡದ ನಡುವೆ ಇಟ್ಟು ಬೇಯಿಸುತ್ತಿದ್ದರು. ಜೊತೆಗೆ ದನ, ಕುರಿ, ಮೇಕೆಯ ಮೂಳೆಗಳು, ಮೀನಿನ ಮುಳ್ಳುಗಳು. ಅವ್ವ ಕೇಳಿದ ಪ್ರಶ್ನೆಗೆ ಒಲೆ ಸಮೇತ ಉತ್ತರ.

1990ರಲ್ಲಿ ಅಲ್ಲೇ ಹತ್ತಿರ ಒಂದು ಕುದುರೆ ಎಡವಿತು. ಕಾಲಿಗೆ ಸಿಕ್ಕಿದ್ದು ಮಣ್ಣಿನ ಇಟ್ಟಿಗೆಯ ಹಳೇ ಗೋಡೆ. ಅಗೆದು ನೋಡಿದರೆ ಪಿರಮಿಡ್ ಕಟ್ಟಿದವರ ಸ್ಮಶಾನ. ಅಸ್ಥಿಪಂಜರಗಳ ಬೆನ್ನುಮೂಳೆಗಳು ಭಾರ ಹೊತ್ತು ಹೊತ್ತು ಸವೆದಿದ್ದವು. ಮುರಿದ ಕೈಕಾಲುಗಳ ಮೂಳೆ ನೆಟ್ಟಗೆ ಕೂಡಿಕೊಂಡಿದ್ದವು, ಅಂದರೆ ಯಾರೋ ಕಟ್ಟು ಹಾಕಿದ್ದರು. ಕೆಲವರ ಕೈ ಕಾಲು ಕತ್ತರಿಸಿ ಆಮೇಲೂ ಅವರು ವರ್ಷಗಟ್ಟಲೆ ಬದುಕಿದ್ದರು. ಬೇರೆ ಗ್ರಹದಿಂದ ಬಂದವರಿಗೆ ಸೊಂಟನೋವು ಬರುತ್ತಿತ್ತೇ ಸ್ವಾಮಿ?

2013ರಲ್ಲಿ ಬಂದ ಉತ್ತರವಂತೂ ನಮ್ಮಂಥ ಐಟಿಯವರಿಗೆಂದೇ ಬರೆದಿಟ್ಟಂತಿದೆ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರಾನ್ಸಿನ ಪಿಯರ್ ತಾಲೆ ಮತ್ತು ಅವನ ತಂಡಕ್ಕೆ ನಾಲ್ಕೂವರೆ ಸಾವಿರ ವರ್ಷ ಹಳೆಯ ಪಪೈರಸ್ ತುಂಡುಗಳು ಸಿಕ್ಕವು. ಇದುವರೆಗೆ ಸಿಕ್ಕಿರುವ ಬರಹವಿರುವ ಪಪೈರಸ್‌ಗಳಲ್ಲಿ ಅವೇ ಅತ್ಯಂತ ಹಳೆಯವು. ಬರೆದಿದ್ದು ಏನು? ಮಂತ್ರವಲ್ಲ, ನಕ್ಷತ್ರಲೋಕದ ರಹಸ್ಯವಲ್ಲ. ಟೈಮ್‌ಶೀಟ್! ಮೆರೆರ್ ಎಂಬ ಟೀಮ್ ಲೀಡ್ ಸುಮಾರು 40 ಜನರನ್ನು ಕಟ್ಟಿಕೊಂಡು ತೂರಾ ಕಲ್ಲುಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುತ್ತಿದ್ದ. ಇವತ್ತು ಕಲ್ಲು ತುಂಬಿದೆವು, ಇವತ್ತು ಹೊರಟೆವು, ರಾತ್ರಿ ಇಲ್ಲಿ ತಂಗಿದೆವು, ಇವತ್ತು ಇಳಿಸಿದೆವು. ಹತ್ತು ದಿನಕ್ಕೆ ಎರಡು ಮೂರು ಟ್ರಿಪ್ಪು. ಮೇಲಧಿಕಾರಿಯ ಹೆಸರೂ ಇದೆ: ಅಂಖ್‌ಹಾಫ್, ಖುಫು ರಾಜನ ಮಲಸಹೋದರ. ಆ ಕಾಲದಲ್ಲೂ ಪ್ರಾಜೆಕ್ಟಿನ ತಲೆಮೇಲೆ ಧಣಿಯ ಸಂಬಂಧಿಕರೇ. ಇದನ್ನು ಓದಿದ ದಿನ ನಾನು ನನ್ನ ಶುಕ್ರವಾರದ ಟೈಮ್‌ಶೀಟನ್ನು ಮೊದಲ ಬಾರಿಗೆ ಗೊಣಗದೆ ತುಂಬಿದೆ.

ಪಿರಮಿಡ್ಡಿನ ಒಳಗೆ, ಯಾರೂ ನೋಡದ ಇಕ್ಕಟ್ಟು ಕೋಣೆಗಳ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಕೆಲಸಗಾರರ ತಂಡಗಳ ಹೆಸರುಗಳಿವೆ. ಒಂದು ತಂಡದ ಹೆಸರು ಖುಫುವಿನ ಗೆಳೆಯರು. ಮುಂದೆ ಮೆನ್ಕೌರೆ ರಾಜನ ಕಾಲಕ್ಕೆ ಬಂದರೆ ಇನ್ನೊಂದು ತಂಡದ ಹೆಸರು ಮೆನ್ಕೌರೆಯ ಕುಡುಕರು. ಇವರನ್ನು ಅನ್ಯಗ್ರಹದವರು ಅಂತ ಕರೆಯಬೇಕಾದರೆ ನಮ್ಮ ಆಫೀಸಿನ ಕ್ರಿಕೆಟ್ ಟೀಮುಗಳನ್ನೂ ಹಾಗೇ ಕರೆಯಬೇಕಾಗುತ್ತದೆ.

"ಅದೆಲ್ಲ ಸರಿ, ಆದರೆ ಎತ್ತಿದ್ದು ಹೇಗೆ?" ಅಂತ ಕೇಳುವ ಇಂಜಿನಿಯರಿಗೂ ಉತ್ತರವಿದೆ. ಮೊದಲು ರಿಲೀಸ್ ಹಿಸ್ಟರಿ ನೋಡಪ್ಪ. ಸಕ್ಕಾರಾದಲ್ಲಿ ಜೋಸರ್ ರಾಜನ ಮೆಟ್ಟಿಲು ಪಿರಮಿಡ್, ಅದು ವರ್ಷನ್ ಒಂದು. ಮೈದುಮ್‌ನಲ್ಲಿ ಕಟ್ಟಿದ್ದರ ಹೊರಮೈ ಕುಸಿದು ಬಿದ್ದಿದೆ. ಆಮೇಲೆ ಖುಫುವಿನ ಅಪ್ಪ ಸ್ನೆಫೆರು ದಶೂರ್‌ನಲ್ಲಿ ಕಟ್ಟಿಸಲು ಹೊರಟ. ಸುಮಾರು 54 ಡಿಗ್ರಿ ಇಳಿಜಾರಿನಲ್ಲಿ ಶುರು ಮಾಡಿದ್ದು ಅರ್ಧಕ್ಕೆ ಬರುವಷ್ಟರಲ್ಲಿ ಬಿರುಕು ಬಿಡಲು ಶುರುವಾಯಿತು, ಮೇಲಿನ ಅರ್ಧಕ್ಕೆ ಕೋನವನ್ನು 43ಕ್ಕೆ ಇಳಿಸಿದರು. ಇವತ್ತಿಗೂ ಆ ಪಿರಮಿಡ್ ಸೊಂಟ ಬಾಗಿಸಿಕೊಂಡೇ ನಿಂತಿದೆ. ಪ್ರೊಡಕ್ಷನ್‌ನಲ್ಲಿ ಸಿಕ್ಕ ಬಗ್ಗಿಗೆ ಹಾಕಿದ ಪ್ಯಾಚ್ ಅದು. ಆಮೇಲೆ ಹತ್ತಿರದಲ್ಲೇ ಇನ್ನೊಂದನ್ನು ಮೊದಲಿನಿಂದ ಕೊನೆಯವರೆಗೂ 43 ಡಿಗ್ರಿಯಲ್ಲೇ ಕಟ್ಟಿದರು. ಇಷ್ಟೆಲ್ಲ ಕಲಿತ ಮೇಲೆ ಮಗನ ಕಾಲಕ್ಕೆ 146 ಮೀಟರಿನ ದೊಡ್ಡ ಪಿರಮಿಡ್ ಎದ್ದಿತು. ಜೋಸರನಿಂದ ಖುಫುವಿನವರೆಗೆ ನೂರು ವರ್ಷದ ಆಸುಪಾಸು. ನಕ್ಷತ್ರಗಳ ನಡುವೆ ಓಡಾಡುವ ನೌಕೆ ಕಟ್ಟಬಲ್ಲವರು ಇಳಿಜಾರಿನ ಲೆಕ್ಕವನ್ನು ಅರ್ಧ ದಾರಿಯಲ್ಲಿ ತಿದ್ದಿಕೊಳ್ಳುತ್ತಿದ್ದರಾ? ತಪ್ಪು ಮಾಡಿ ಕಲಿಯುವುದು ಮನುಷ್ಯನ ಗುರುತು. ಅವರ ತಪ್ಪುಗಳು ಇನ್ನೂ ಬಿಸಿಲಲ್ಲಿ ನಿಂತಿವೆ, ಹೋಗಿ ನೋಡಬಹುದು.

ಎಳೆದಿದ್ದು ಹೇಗೆ ಎಂಬುದಕ್ಕೆ ಚಿತ್ರವೇ ಇದೆ. ಪಿರಮಿಡ್ಡಿಗಿಂತ ಈಚಿನ ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಒಂದು ಭಾರೀ ವಿಗ್ರಹವನ್ನು ಮರದ ಜಾರುಬಂಡಿಯ ಮೇಲಿಟ್ಟು ಸಾಲುಸಾಲು ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮುಂದೆ ನಿಂತ ಒಬ್ಬ ನೆಲಕ್ಕೆ ನೀರು ಹುಯ್ಯುತ್ತಿದ್ದಾನೆ. ಇದೇನೋ ಪೂಜೆ ಇರಬೇಕು ಅಂತ ವಿದ್ವಾಂಸರು ಬಹಳ ಕಾಲ ಅಂದುಕೊಂಡಿದ್ದರು. 2014ರಲ್ಲಿ ಆಂಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮರಳಿಗೆ ಹದವಾಗಿ ನೀರು ಹಾಕಿ ಎಳೆದು ನೋಡಿದರು. ಎಳೆಯಲು ಬೇಕಾದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಣ ಮರಳಲ್ಲಿ ಗಾಡಿ ಹೂತುಕೊಳ್ಳುತ್ತೆ, ಒದ್ದೆ ಮರಳಲ್ಲಿ ಸಲೀಸಾಗಿ ಹೋಗುತ್ತೆ ಅನ್ನುವುದು ಹೊಳೆದಂಡೆಯಲ್ಲಿ ಎತ್ತಿನಗಾಡಿ ಹೊಡೆದ ಯಾವ ರೈತನಿಗೂ ಗೊತ್ತು. ಗೋಡೆಯ ಮೇಲೆ ಬರೆದಿಟ್ಟಿದ್ದ ಉತ್ತರವನ್ನು ಪೂಜೆ ಅಂದುಕೊಂಡವರು ನಾವು, ಓದಿದವರು.

ಈಗ ವಿಷಯಕ್ಕೆ ಬರುತ್ತೇನೆ. "ಏಲಿಯನ್ಸ್ ಕಟ್ಟಿದ್ರಾ?" ಎಂಬ ಪ್ರಶ್ನೆಯಲ್ಲಿ ಕುತೂಹಲವೇ ಇಲ್ಲ. ಕುತೂಹಲ ಇದ್ದವನು ಉತ್ತರ ಹುಡುಕುತ್ತಾನೆ. ಇವರು ಉತ್ತರ ಸಿಕ್ಕ ಮೇಲೂ ಪ್ರಶ್ನೆ ಬಿಡುವುದಿಲ್ಲ. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಇದೇ ವಾದದ ಪುಸ್ತಕ ಬರೆದ. ಅದರ ಇಂಗ್ಲಿಷ್ ಅನುವಾದದ ಹೆಸರಿನ ಕೊನೆಗೆ ಒಂದು ಪ್ರಶ್ನೆಚಿಹ್ನೆ ಇತ್ತು. ಆ ಚಿಹ್ನೆಯೇ ಈ ವ್ಯಾಪಾರದ ಬಂಡವಾಳ. ಯಾರಾದರೂ ಪುರಾವೆ ಎಲ್ಲಿ ಅಂದರೆ "ನಾನೆಲ್ಲಿ ಹೇಳಿದೆ? ಸುಮ್ನೆ ಕೇಳ್ದೆ ಅಷ್ಟೇ" ಅಂತ ಜಾರಿಕೊಳ್ಳಬಹುದು. ಕೇಳಿದ್ದು ಮಾತ್ರ ಲಕ್ಷಾಂತರ ಜನರ ತಲೆಯಲ್ಲಿ ಹೇಳಿದ್ದಾಗಿ ಉಳಿದುಬಿಡುತ್ತದೆ.

ನಾನೇನೂ ಹುಟ್ಟಿನಿಂದ ಸಾಚಾ ಅಲ್ಲ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಾಗ ಆ ಪುಸ್ತಕವನ್ನು ಒಂದೇ ರಾತ್ರಿಗೆ ಓದಿ, ಮೆಸ್ಸಿನಲ್ಲಿ ಒಂದು ವಾರ ಭಾಷಣ ಬಿಗಿದಿದ್ದೆ. ಹಳ್ಳಿಯಿಂದ ಬಂದವನು, ಇಂಗ್ಲಿಷ್ ತೊದಲುತ್ತಿದ್ದೆ, ಎಲ್ಲರೂ ಬಾಯಿಬಿಟ್ಟು ಕೇಳುವ ವಿಷಯವೊಂದು ಸಿಕ್ಕಿತ್ತು. ಅದಕ್ಕೇ ಆ ಕ್ಯಾಂಟೀನಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಪ್ರಶ್ನೆಯ ಮೇಲೆ. ಯಾಕೆಂದರೆ ಅದು ಎಲ್ಲರ ಬಗ್ಗೆಯೂ ಸಮನಾಗಿ ಕೇಳುವ ಪ್ರಶ್ನೆ ಅಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯನ್ನು ಮನುಷ್ಯರೇ ಕಟ್ಟಿದ್ದಾ ಅಂತ ಯಾರಾದರೂ ವಿಡಿಯೋ ಮಾಡಿದ್ದನ್ನು ನೋಡಿದ್ದೀರಾ? ಅಥೆನ್ಸಿನ ಪಾರ್ಥೆನಾನ್ ಬಗ್ಗೆ? ಅಲ್ಲಿ ಶಿಲ್ಪಿಗಳ ಪ್ರತಿಭೆ ಅನ್ನುತ್ತೇವೆ. ಈಜಿಪ್ಟು, ಪೆರು, ಮೆಕ್ಸಿಕೋ, ಈಸ್ಟರ್ ದ್ವೀಪ ಬಂದಾಗ ಮಾತ್ರ ಆಕಾಶ ನೋಡುತ್ತೇವೆ. ಇಂಗ್ಲೆಂಡಿನ ಸ್ಟೋನ್‌ಹೆಂಜನ್ನೂ ಬಿಟ್ಟಿಲ್ಲವಲ್ಲ ಅಂತ ನೀವು ಹೇಳಬಹುದು. ಒಪ್ಪಿದೆ. ಅದನ್ನು ಕಟ್ಟಿದವರು ಅಕ್ಷರ ಗೊತ್ತಿಲ್ಲದ ಜನ. ಅಕ್ಷರ ಇಲ್ಲದವರಿಗೆ ಬುದ್ಧಿಯೂ ಇಲ್ಲ, ಬಡವನ ಕೈಯಲ್ಲಿ ದೊಡ್ಡದೇನೂ ಆಗುವುದಿಲ್ಲ ಎಂಬ ನಂಬಿಕೆಯೇ ಈ ಪ್ರಶ್ನೆಯ ತಳಪಾಯ.

ಈಸ್ಟರ್ ದ್ವೀಪದ ಜನರ ಕತೆ ಕೇಳಿ. ಆ ದೈತ್ಯ ಕಲ್ಲಿನ ವಿಗ್ರಹಗಳು ಗಣಿಯಿಂದ ದಡದವರೆಗೆ ಹೇಗೆ ಬಂದವು ಅಂತ ಹೊರಗಿನವರು ಕೇಳಿದಾಗ ದ್ವೀಪದವರು, "ನಡೆದುಕೊಂಡು ಬಂದವು" ಅಂದರು. ಪಾಪ, ಮುಗ್ಧರು ಅಂತ ಎಲ್ಲರೂ ನಕ್ಕರು, ನಾನು ಅವ್ವನನ್ನು ನೋಡಿ ನಕ್ಕಂತೆ. 2012ರಲ್ಲಿ ಟೆರ್ರಿ ಹಂಟ್ ಮತ್ತು ಕಾರ್ಲ್ ಲಿಪೋ ಎಂಬ ಸಂಶೋಧಕರ ತಂಡ ನಾಲ್ಕು ಟನ್ನಿಗೂ ಹೆಚ್ಚು ತೂಕದ ಒಂದು ನಕಲು ವಿಗ್ರಹ ಮಾಡಿಸಿ, ಮೂರು ಹಗ್ಗ ಕಟ್ಟಿ, 18 ಜನರಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿಸಿತು. ತುಂಬಿದ ಡ್ರಮ್ಮನ್ನು ಅಂಚಿನ ಮೇಲೆ ತಿರುಗಿಸುತ್ತಾ ಸಾಗಿಸುತ್ತೀವಲ್ಲ, ಹಾಗೆ ವಿಗ್ರಹ ಹೆಜ್ಜೆ ಹಾಕಿತು. ನಿಜಕ್ಕೂ ನಡೆಯಿತು! ಆ ಜನ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅವರ ಮಾತು ನಂಬಲಿಲ್ಲ ಅಷ್ಟೇ ಅಲ್ಲ, 1862ರಿಂದ ಪೆರುವಿನ ಹಡಗುಗಳು ಬಂದು ಅವರನ್ನೇ ಹಿಡಿದು ಗುಲಾಮರಾಗಿ ಸಾಗಿಸಿದವು. ಮರಳಿ ಬಂದ ಕೆಲವರ ಜೊತೆ ಸಿಡುಬು ಬಂತು. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದವರು 111 ಜನ. ಹೇಳುವವರನ್ನು ಇಲ್ಲವಾಗಿಸಿ, ಆಮೇಲೆ "ಅಯ್ಯೋ, ಎಂಥಾ ನಿಗೂಢ!" ಅಂತ ಉದ್ಗರಿಸುವುದು.

ಇಷ್ಟಕ್ಕೂ ಟೈಂಪಾಸ್ ಪ್ರಶ್ನೆಗೆ ಇಷ್ಟೊಂದು ಸಿಟ್ಟು ಯಾಕೆ ಮಾರಾಯ ಅನ್ನುತ್ತೀರಾ? ಹಾಗಾದರೆ ಆಫ್ರಿಕಾಕ್ಕೆ ಬನ್ನಿ. ಅಲ್ಲಿ ಇದೇ ಪ್ರಶ್ನೆ ಒಂದು ಸರ್ಕಾರ ನಡೆಸಿತ್ತು.

ಗ್ರೇಟ್ ಜಿಂಬಾಬ್ವೆ ಎಂಬುದು ಕಲ್ಲಿನ ಊರು. 11ರಿಂದ 15ನೇ ಶತಮಾನದ ನಡುವೆ ಶೋನಾ ಜನರ ಪೂರ್ವಿಕರು ಕಟ್ಟಿದ್ದು. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್. ಗಾರೆ ಇಲ್ಲ, ಬರೀ ಗ್ರಾನೈಟ್ ಕಲ್ಲು ಕಡಿದು ಒಂದರ ಮೇಲೊಂದು ಕೂರಿಸಿದ್ದು. 1871ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಕಾರ್ಲ್ ಮೌಖ್‌ಗೆ ಕರಿಯರು ಇದನ್ನು ಕಟ್ಟಿರಬಹುದು ಎಂಬುದು ಹೊಳೆಯಲೇ ಇಲ್ಲ. ಬಾಗಿಲ ಮೇಲಿನ ಮರದ ತೊಲೆಯ ಚೂರು ನೋಡಿದ, ಅದು ತನ್ನ ಪೆನ್ಸಿಲ್ಲಿನ ಮರದಂತೆ ಕಂಡಿತು. ಪೆನ್ಸಿಲ್ ದೇವದಾರು ಜಾತಿಯದು, ದೇವದಾರು ಲೆಬನಾನಿನದು, ಆದ್ದರಿಂದ ಇದು ಬೈಬಲ್ಲಿನ ಶೀಬಾ ರಾಣಿಯ ಅರಮನೆ! ಒಂದು ಪೆನ್ಸಿಲ್ಲಿನ ಆಧಾರದ ಮೇಲೆ ಒಂದು ಜನಾಂಗದ ಕೈಯಿಂದ ಅವರ ಊರು ಹೋಯಿತು.

ಆಮೇಲೆ ಸೆಸಿಲ್ ರೋಡ್ಸ್‌ನ ಕಂಪನಿ ಬಂತು, ಆ ನೆಲ ರೊಡೇಷಿಯಾ ಆಯಿತು. ಬಿಳಿಯರಿಗೆ ಈ ಪ್ರಶ್ನೆ ಬಹಳ ಉಪಯೋಗಕ್ಕೆ ಬಂತು. ಇದನ್ನು ಕಟ್ಟಿದವರು ಹೊರಗಿನಿಂದ ಬಂದವರು ಅಂತಾದರೆ, ಈ ನೆಲ ಮೊದಲಿನಿಂದಲೂ ಹೊರಗಿನವರದ್ದೇ ಅಂತಾಗುತ್ತದಲ್ಲ. ಪಾಳುನಗರದ ಉಸ್ತುವಾರಿಗೆ ನೇಮಕವಾದ ರಿಚರ್ಡ್ ಹಾಲ್ ಎಂಬಾತ, ಮೇಲಿನ ಪದರಗಳೆಲ್ಲ ಕರಿಯರ ಕಸ ಅಂತ ಅಡಿಗಟ್ಟಲೆ ಅಗೆದು ಹೊರಗೆಸೆದ. ಎಸೆದದ್ದೇ ಪುರಾವೆಯಾಗಿತ್ತು. 1905ರಲ್ಲಿ ಡೇವಿಡ್ ರ್‍ಯಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಇಬ್ಬರೂ ಅಗೆದು ನೋಡಿ, ಇದು ಆಫ್ರಿಕನ್ನರದೇ ಅಂತ ಸ್ಪಷ್ಟವಾಗಿ ಹೇಳಿದರು. ಉತ್ತರ ಸಿಕ್ಕಿತು, ಪ್ರಶ್ನೆ ಮುಗಿಯಬೇಕಿತ್ತು. ಆದರೆ 1965ರಲ್ಲಿ ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಸ್ವತಂತ್ರವಾಗಿ ಕೂತ ಮೇಲೂ, ಪ್ರವಾಸಿಗಳ ಕೈಗೆ ಕೊಡುವ ಪುಸ್ತಿಕೆಗಳಲ್ಲಿ ಇದು ಯಾರು ಕಟ್ಟಿದ್ದೋ ಗೊತ್ತಿಲ್ಲದ ನಿಗೂಢ ಅಂತಲೇ ಉಳಿಯಬೇಕೆಂಬ ಒತ್ತಡವಿತ್ತು. ಸತ್ಯ ಹೇಳಿದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು.

ಗಮನಿಸಿ, ಆ ಸರ್ಕಾರ ದೊಡ್ಡ ಸುಳ್ಳೇನೂ ಹೇಳಬೇಕಾಗಿರಲಿಲ್ಲ. "ಯಾರು ಕಟ್ಟಿದ್ದೋ ಏನೋ" ಎಂಬ ಪ್ರಶ್ನೆಯನ್ನು ಜೀವಂತ ಇಟ್ಟಿದ್ದರೆ ಸಾಕಿತ್ತು. 1980ರಲ್ಲಿ ಬಹುಸಂಖ್ಯಾತರ ಆಳ್ವಿಕೆ ಬಂದಾಗ ಆ ದೇಶ ತನಗಿಟ್ಟುಕೊಂಡ ಹೆಸರು ಜಿಂಬಾಬ್ವೆ, ಕಲ್ಲಿನ ಮನೆಗಳು ಅಂತ. ಬಾವುಟದಲ್ಲಿ ಆ ಪಾಳುನಗರದಲ್ಲಿ ಸಿಕ್ಕ ಕಲ್ಲಿನ ಹಕ್ಕಿ. ಒಂದು ದೇಶ ತನ್ನ ಹೆಸರಿನಲ್ಲೇ "ಕಟ್ಟಿದ್ದು ನಾವು ಕಣ್ರೀ" ಅಂತ ಉತ್ತರ ಬರೆದುಕೊಳ್ಳಬೇಕಾಯಿತು. ಇದು ಟೈಂಪಾಸಾ ಹೇಳಿ.

ಬಿಳಿಯರನ್ನು ಬೈದು ಕೈತೊಳೆದುಕೊಂಡರೆ ಆಗುವುದಿಲ್ಲ. ಹೋದ ವರ್ಷ ಟೀಮ್ ಔಟಿಂಗ್ ಅಂತ ಬೇಲೂರು ಹಳೇಬೀಡಿಗೆ ಹೋಗಿದ್ದೆವು. ಅದು ನಮ್ಮ ಕಡೆಯೇ, ಹಾಗಾಗಿ ನಾನೇ ಗೈಡು. ನುಣುಪು ಕಂಬಗಳನ್ನು ಮುಟ್ಟಿ ನೋಡಿದ ಒಬ್ಬ, "ಇದು ಕೈಯಲ್ಲಿ ಮಾಡೋಕೆ ಸಾಧ್ಯವೇ ಇಲ್ಲ, ಆಗ ಕಂಪ್ಯೂಟರ್ ಮಷೀನ್ ಇತ್ತಂತೆ, ವಿಡಿಯೋ ಇದೆ" ಅಂದ. ಆ ಕಲ್ಲು ಬಳಪದ ಕಲ್ಲು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಉಜ್ಜಿದ್ದೆವಲ್ಲ, ಅದೇ ಬಳಪ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಕಂಬವನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆಯಬಹುದು, ಬಡಗಿ ತೊಟ್ಟಿಲ ಕಾಲು ಕಡೆದ ಹಾಗೆ. ಇಷ್ಟು ಹೇಳಿದರೆ ಅವನ ಮುಖ ಸಪ್ಪಗಾಯಿತು. ಮನುಷ್ಯರು ಮಾಡಿದ್ದು ಅಂದರೆ ಅದ್ಭುತ ಕಮ್ಮಿಯಾಗುತ್ತದೆ ಅಂತ ನಮಗೆ ಯಾರು ಹೇಳಿಕೊಟ್ಟರೋ!

ನಾವು ಇನ್ನೊಂದು ರೀತಿಯಲ್ಲೂ ಇದೇ ಕೆಲಸ ಮಾಡುತ್ತೇವೆ. ಬೇಲೂರು ಯಾರು ಕೆತ್ತಿದ್ದು ಅಂದರೆ ಚಿಕ್ಕ ಮಕ್ಕಳೂ "ಜಕಣಾಚಾರಿ" ಅನ್ನುತ್ತವೆ. ಕತೆ ಇದೆ, ಸಿನಿಮಾ ಇದೆ. ಆದರೆ ವಿಗ್ರಹಗಳ ಬುಡದಲ್ಲಿ ಶಿಲ್ಪಿಗಳೇ ಕೊರೆದಿಟ್ಟ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮತ್ತೆ ಎಷ್ಟೋ ಜನ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಎಂಟೊಂಬತ್ತು ನೂರು ವರ್ಷದ ಹಿಂದೆ, ನಮ್ಮ ನಾಡಿನ ಕೆಲಸಗಾರರು ಹಟ ಹಿಡಿದವರಂತೆ ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರೆ. ಅದೂ ಕನ್ನಡದಲ್ಲಿ. ನಾವು ಓದಲಿಲ್ಲ. ನಮಗೆ ಒಬ್ಬನೇ ಒಬ್ಬ ಅಮರಶಿಲ್ಪಿ ಸಾಕಾಗಿದ್ದ.

ಇದು ನನಗೆ ಯಾಕೆ ಚುಚ್ಚುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮೂರ ಪಕ್ಕ ಒಂದು ನಾಲೆ ಹರಿಯುತ್ತದೆ. ಅದರ ಏರಿಗೆ ಕಲ್ಲು ಕಟ್ಟುವ ಕೂಲಿಗೆ ನಮ್ಮಪ್ಪ ಎರಡು ಬೇಸಿಗೆ ಹೋಗಿದ್ದ. ಜಾರಿದ ಕಲ್ಲಿನ ಕೆಳಗೆ ಸಿಕ್ಕಿ ಎಡಗೈಯ ನಡುಬೆರಳಿನ ಒಂದು ಗೆಣ್ಣು ಅಲ್ಲೇ ಹೋಯಿತು. ಆವತ್ತಿನ ಕೂಲಿ ಅರ್ಧ ದಿನದ್ದು ಕೊಟ್ಟರಂತೆ. ಸೇತುವೆ ಹತ್ತಿರ ಒಂದು ಶಿಲಾಫಲಕ ಇದೆ. ಮಂತ್ರಿಯ ಹೆಸರು, ಶಾಸಕರ ಹೆಸರು, ಇಂಜಿನಿಯರ ಹೆಸರು, ಕಂಟ್ರಾಕ್ಟರ ಹೆಸರು. ಚಿಕ್ಕವನಿದ್ದಾಗ ಅದರ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಪ್ಪಾ, ನಾಲೆ ಕಟ್ಟಿದ್ದು ಇವರಂತೆ" ಅಂದಿದ್ದೆ. ಅಪ್ಪ "ಹೂಂ ಕಣಪ್ಪ, ಇವ್ರೇ" ಅಂದ. ನಗಲೂ ಇಲ್ಲ. ಇನ್ನು ಸಾವಿರ ವರ್ಷ ಬಿಟ್ಟು ಯಾರೋ ಬಂದು ಆ ನಾಲೆ ನೋಡಿ ಆಕಾಶದತ್ತ ಬೆರಳು ತೋರಿಸಿದರೆ, ತೋರಿಸುವ ಆ ಬೆರಳಿಗೂ ಗೆಣ್ಣು ಇರುತ್ತದೆ, ಅಪ್ಪನದಕ್ಕೆ ಇರಲಿಲ್ಲ.

ಹಾಗಂತ ಹಳೇ ಕಾಲವನ್ನು ಚಿನ್ನದ ಕಾಲ ಮಾಡಲು ಹೊರಟಿಲ್ಲ. ಪಿರಮಿಡ್ ಕಟ್ಟಿದವರು ಸಿನಿಮಾದಲ್ಲಿ ತೋರಿಸುವ ಹಾಗೆ ಚಾಟಿ ಏಟು ತಿನ್ನುತ್ತಿದ್ದ ಗುಲಾಮರ ದಂಡಲ್ಲ ಅನ್ನುವುದು ನಿಜ. ಆದರೆ ಆಫರ್ ಲೆಟರ್ ಹಿಡಿದು ಬಂದವರೂ ಅಲ್ಲ. ರಾಜನ ಕರೆ ಬಂದರೆ ಬಿಟ್ಟಿ ಚಾಕರಿಗೆ ಹೋಗಲೇಬೇಕಾದ ಹಳ್ಳಿಯ ಜನ ಅವರಲ್ಲಿ ಬೇಕಾದಷ್ಟಿದ್ದರು. ಮತ್ತೆ ಈಜಿಪ್ಟಿನ ಕೆಲಸಗಾರರು ಬಾಯಿಮುಚ್ಚಿಕೊಂಡೂ ಇರಲಿಲ್ಲ. ಪಿರಮಿಡ್ಡಿನ ಕಾಲ ಮುಗಿದು ಸಾವಿರಕ್ಕೂ ಹೆಚ್ಚು ವರ್ಷವಾದ ಮೇಲೆ, ರಾಜರ ಕಣಿವೆಯಲ್ಲಿ ಗೋರಿ ಕೊರೆಯುತ್ತಿದ್ದವರು ದೇರ್ ಎಲ್-ಮದೀನಾ ಎಂಬ ಊರಿನಲ್ಲಿದ್ದರು. ಅವರ ಹಾಜರಿ ಪುಸ್ತಕದ ಒಂದು ಕಲ್ಲುಚೂರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾವತ್ತು ಯಾಕೆ ಬರಲಿಲ್ಲ ಅಂತ ಪಟ್ಟಿ: ಒಬ್ಬನಿಗೆ ಚೇಳು ಕಡಿಯಿತು, ಒಬ್ಬನಿಗೆ ಕಣ್ಣುಬೇನೆ, ಒಬ್ಬ ತೀರಿಹೋದವರ ದೇಹ ಸಿದ್ಧ ಮಾಡಲು ಹೋದ, ಒಬ್ಬ ಮನೆಯಲ್ಲಿ ಬಿಯರ್ ಕಾಯಿಸುತ್ತಿದ್ದ! ನಮ್ಮ ಲೀವ್ ಅಪ್ಲಿಕೇಶನ್ನುಗಳಿಗಿಂತ ಎಷ್ಟೋ ಪ್ರಾಮಾಣಿಕ. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ಅಂದರೆ ಕ್ರಿ.ಪೂ. 1150ರ ಆಸುಪಾಸು, ದವಸ ಬರುವುದು ತಡವಾದಾಗ ಇದೇ ಊರಿನವರು ಕೆಲಸ ಬಿಟ್ಟು ಹೋಗಿ ದೇವಸ್ಥಾನದ ಹಿಂದೆ ಕೂತುಬಿಟ್ಟರು. ಹಸಿವು ಬಾಯಾರಿಕೆ ತಡೆಯಲಾರದೆ ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ ಅಂದರು. ಚರಿತ್ರೆಯಲ್ಲಿ ದಾಖಲಾದ ಮೊದಲ ಮುಷ್ಕರ ಅದು. ನೋಡಿ, ಅಲ್ಲೂ ಹಿಟ್ಟಿನ ಪ್ರಶ್ನೆಯೇ.

ಆಮೇಲೆ ಗೊತ್ತಾಯಿತು, ಈ ಪ್ರಶ್ನೆ ಕೇಳಿದ್ದರಲ್ಲಿ ಅವ್ವನಿಗೆ ದೊಡ್ಡ ಜೊತೆಯಿದೆ ಅಂತ. ಸುಮಾರು 2,450 ವರ್ಷದ ಹಿಂದೆ ಈಜಿಪ್ಟಿಗೆ ಹೋಗಿದ್ದ ಗ್ರೀಸಿನ ಹೆರೊಡೋಟಸ್, ಚರಿತ್ರೆಯ ಪಿತಾಮಹ ಅಂತ ನಾವು ಬಾಯಿಪಾಠ ಮಾಡಿದವನು, ಪಿರಮಿಡ್ಡಿನ ಮೇಲಿದ್ದ ಬರಹವೊಂದರ ಬಗ್ಗೆ ಬರೆದಿದ್ದಾನೆ. ಅವನ ದುಭಾಷಿ ಓದಿ ಹೇಳಿದ ಪ್ರಕಾರ ಅದರಲ್ಲಿದ್ದದ್ದು ಕೆಲಸಗಾರರಿಗೆ ಕೊಟ್ಟ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಯ ಖರ್ಚು: 1,600 ಟ್ಯಾಲೆಂಟ್ ಬೆಳ್ಳಿ. ದುಭಾಷಿ ಬುರುಡೆ ಬಿಟ್ಟಿದ್ದ ಅಂತ ಇವತ್ತಿನ ವಿದ್ವಾಂಸರು ಅನುಮಾನಿಸುತ್ತಾರೆ. ಬಿಟ್ಟಿರಲಿ. ಅದನ್ನು ಕೇಳಿದ ಹೆರೊಡೋಟಸ್‌ಗೆ ಬಂದ ಯೋಚನೆ ಮುಖ್ಯ. ಈರುಳ್ಳಿಗೇ ಇಷ್ಟಾದರೆ, ಅವರ ಹತಾರಕ್ಕೆ, ಊಟಕ್ಕೆ, ಬಟ್ಟೆಗೆ ಇನ್ನೆಷ್ಟು ಆಗಿರಬೇಕು ಅಂತ ಲೆಕ್ಕ ಹಾಕತೊಡಗಿದ. ಜಗಲಿ ಮೇಲಿನ ಅವ್ವನ ಯೋಚನೆಯೂ ಅದೇ.

ಆದ್ದರಿಂದ ಮುಂದಿನ ಸಲ ನಿಮ್ಮ ಮೊಬೈಲಿಗೆ ಅಂಥದ್ದೊಂದು ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮುಂಚೆ ಪ್ರಶ್ನೆ ಬದಲಾಯಿಸಿ. ಯಾರು ಕಲ್ಲು ಕಡಿದರು? ಹಗ್ಗ ಯಾರು ಹೊಸೆದರು? ನೀರು ಎಲ್ಲಿಂದ ಹೊತ್ತರು? ಗಾಯವಾದವನನ್ನು ಯಾರು ನೋಡಿಕೊಂಡರು? ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ, ಒಂದು ಉತ್ತರ ಇನ್ನೊಂದು ಪ್ರಶ್ನೆ ತರುತ್ತದೆ. ಕ್ಯಾಂಟೀನಿನ ಹುಡುಗನಿಗೆ ಮರುದಿನ ಮೆರೆರ್‌ನ ಟೈಮ್‌ಶೀಟಿನ ಕತೆ ಹೇಳಿದೆ. ಏಲಿಯನ್ಸ್ ಮರೆತೇ ಹೋದವು. ಒಂದು ನಿಮಿಷ ಸುಮ್ಮನಿದ್ದು, "ಹತ್ತು ದಿನಕ್ಕೆ ಮೂರು ಟ್ರಿಪ್ಪಾ? ಅವನಿಗೆ ವೀಕೆಂಡ್ ಇತ್ತಾ ಗುರೂ?" ಅಂದ. ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ರಾತ್ರಿ ಅವ್ವನಿಗೂ ಫೋನ್ ಮಾಡಿದೆ. "ಅವ್ವ, ಅವತ್ತು ಕೇಳಿದ್ಯಲ್ಲ, ಪಿರಮಿಡ್ ಕಟ್ಟೋರಿಗೆ ಹಿಟ್ಟು ಬೇಯಿಸೋ ಮನೆಗಳೇ ಸಿಕ್ಕಿದಾವೆ. ದಪ್ಪ ದಪ್ಪ ಮಣ್ಣಿನ ಪಾತ್ರೆಗಳು, ರಾಶಿ ರಾಶಿ" ಅಂದೆ.

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಅಷ್ಟು ಪಾತ್ರೆ ಬೆಳಗೋರು ಯಾರ್ಲಾ?" ಅಂದಳು.